ಮುಮ್ಮಡಿ ಕೃಷ್ಣರಾಜ ಒಡೆಯರು: ಅಧಿಕಾರವಿಲ್ಲದ ಅರಸರ ಮೂವತ್ತಾರು ವರ್ಷಗಳ ಹೋರಾಟ

ಚಾಮರಾಜನಗರಕ್ಕೆ ಆ ಹೆಸರು ಬಂದು ಇನ್ನೂರು ವರ್ಷಗಳು ಕಳೆದಿವೆ. ಅದಕ್ಕೂ ಮುನ್ನ ಅರಿಕುಠಾರವೆಂದು ಕರೆಯಲ್ಪಡುತ್ತಿದ್ದ ಈ ಊರು ಮೈಸೂರಿನ ಖಾಸಾ ಚಾಮರಾಜ ಒಡೆಯರ ಜನ್ಮಸ್ಥಳ. ತಂದೆಯ ಸ್ಮರಣೆಗಾಗಿ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಈ ಊರಿಗೆ ಚಾಮರಾಜನಗರವೆಂದು ನಾಮಕರಣ ಮಾಡಿದರು. 1826ರಲ್ಲಿ ಇಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿ, ದೇವರಿಗೆ ತಂದೆಯ ಹೆಸರನ್ನೂ ದೇವಿಗೆ ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರನ್ನೂ ಇಟ್ಟರು. ದೇವಾಲಯ ಪೂರ್ಣಗೊಂಡ ಐದೇ ವರ್ಷಗಳಲ್ಲಿ ಅದನ್ನು ಕಟ್ಟಿಸಿದ ಅರಸರ ಕೈಯಿಂದ ರಾಜ್ಯಾಡಳಿತವೇ ಜಾರಿಹೋಯಿತು.

1831ರಿಂದ 1868ರಲ್ಲಿ ಕೊನೆಯುಸಿರೆಳೆಯುವವರೆಗೆ ಮುಮ್ಮಡಿಯವರು ಸಿಂಹಾಸನದ ಮೇಲಿದ್ದರೂ ಆಳುವ ಹಕ್ಕಿಲ್ಲದ ಅರಸರಾಗಿದ್ದರು. ಬ್ರಿಟಿಷರು ನಿಗದಿಪಡಿಸಿದ ಹಣದಲ್ಲಿ ಅರಮನೆಯ ಸಂಸಾರ ಸಾಗಿಸಿದರು. ಆದರೆ ಆ ಪಿಂಚಣಿಯನ್ನು ರಾಜ್ಯದ ಬೆಲೆಯೆಂದು ಅವರು ಒಮ್ಮೆಯೂ ಒಪ್ಪಿಕೊಳ್ಳಲಿಲ್ಲ. ಭಾರತದ ಅನೇಕ ರಾಜಮನೆತನಗಳು ಪಿಂಚಣಿಯೊಂದಿಗೇ ಕಣ್ಮರೆಯಾದ ಆ ಕಾಲದಲ್ಲಿ ಮೈಸೂರು ಸಂಸ್ಥಾನ ಉಳಿದುಕೊಂಡದ್ದು ಹೇಗೆಂಬುದು ಅವರ ಬದುಕನ್ನು ನೋಡಿದರೆ ತಿಳಿಯುತ್ತದೆ.

ಗುಡಿಸಲಿನಿಂದ ಸಿಂಹಾಸನಕ್ಕೆ

ಮುಮ್ಮಡಿ ಕೃಷ್ಣರಾಜ ಒಡೆಯರು ಜನಿಸಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ಅಧಿಕಾರ ಟಿಪ್ಪು ಸುಲ್ತಾನನದು. 1796ರಲ್ಲಿ ಖಾಸಾ ಚಾಮರಾಜ ಒಡೆಯರು ಸಿಡುಬಿಗೆ ಬಲಿಯಾದರು. ಟಿಪ್ಪು ಮತ್ತೊಬ್ಬ ಅರಸರನ್ನು ಪಟ್ಟಕ್ಕೆ ಕೂರಿಸಲಿಲ್ಲ. ರಾಜಕುಟುಂಬವನ್ನು ಅರಮನೆಯಿಂದ ಹೊರಡಿಸಿ ಸಾಮಾನ್ಯ ಮನೆಯೊಂದರಲ್ಲಿ ಇರಿಸಲಾಯಿತು. ಎರಡು ವರ್ಷದ ಕೂಸು ಬಡತನದಲ್ಲಿಯೇ ಬೆಳೆಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯ ಮುಂದೆ ಮೈಸೂರಿನ ಭವಿಷ್ಯದ ಪ್ರಶ್ನೆ ಎದ್ದಿತು. ಇಡೀ ರಾಜ್ಯವನ್ನು ನಿಜಾಮನೊಡನೆ ಹಂಚಿಕೊಂಡರೆ ನಿಜಾಮ ಬಲಿಷ್ಠನಾಗುವ, ಮರಾಠರು ಅಸಮಾಧಾನಗೊಳ್ಳುವ ಅಪಾಯವಿತ್ತು. ಆದ್ದರಿಂದ ಗವರ್ನರ್ ಜನರಲ್ ವೆಲ್ಲೆಸ್ಲಿ ರಾಜ್ಯದ ಒಂದು ಭಾಗವನ್ನು ಉಳಿಸಿ ಹಳೆಯ ಒಡೆಯರ ಮನೆತನಕ್ಕೆ ವಹಿಸಿದನು. ಜೂನ್ 30ರಂದು ಮೈಸೂರಿನಲ್ಲಿ ಹಾಕಲಾಗಿದ್ದ ಚಪ್ಪರದಲ್ಲಿ ಐದು ವರ್ಷದ ಬಾಲಕನಿಗೆ ಪಟ್ಟಾಭಿಷೇಕವಾಯಿತು.

ಜುಲೈ 8ರಂದು ಸಹಿಯಾದ ಸಹಾಯಕ ಸೈನ್ಯ ಒಪ್ಪಂದದಲ್ಲಿ ಅರಸರ ಮುಂದಿನ ಬದುಕಿನ ಸುಖದುಃಖಗಳೆಲ್ಲ ಅಡಗಿದ್ದವು. ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು ಕಂಪೆನಿಗೆ ತೆರಬೇಕಾಗಿತ್ತು. ಈ ಹಣ ಬಾರದೆ ಹೋಗಬಹುದೆಂದು ಗವರ್ನರ್ ಜನರಲ್‌ಗೆ ಅನಿಸಿದರೆ ರಾಜ್ಯದ ಭಾಗವನ್ನೋ ಇಡೀ ರಾಜ್ಯವನ್ನೋ ತನ್ನ ಆಡಳಿತಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಕಂಪೆನಿ ಉಳಿಸಿಕೊಂಡಿತ್ತು. ಹಾಗಾದಾಗ ಅರಸರಿಗೆ ವರ್ಷಕ್ಕೆ 1 ಲಕ್ಷ ಸ್ಟಾರ್ ಪಗೋಡಗಳ ಜೊತೆಗೆ ರಾಜ್ಯದ ನಿವ್ವಳ ಆದಾಯದ ಐದನೆಯ ಒಂದು ಪಾಲು ಸಲ್ಲಬೇಕೆಂಬ ಷರತ್ತೂ ಇತ್ತು. ಅದೇ ಒಪ್ಪಂದ ಸೂರ್ಯಚಂದ್ರರಿರುವವರೆಗೆ ಉಭಯ ಪಕ್ಷಗಳನ್ನೂ ಬಂಧಿಸತಕ್ಕದ್ದೆಂದು ಸಾರಿತ್ತು. ನಮ್ಮ ಶಾಸನಗಳ ಮಾತಿನಲ್ಲಿ ಹೇಳುವುದಾದರೆ ಅದು ಆಚಂದ್ರಾರ್ಕ ಒಪ್ಪಂದ. ಅಧಿಕಾರ ಕಸಿದುಕೊಳ್ಳುವ ಷರತ್ತನ್ನು ಕಂಪೆನಿ ಹಿಡಿದುಕೊಂಡಿತು, ಆಚಂದ್ರಾರ್ಕದ ಮಾತನ್ನು ಅರಸರು ಹಿಡಿದುಕೊಂಡರು. ಮುಂದಿನ ವ್ಯಾಜ್ಯದ ತಿರುಳು ಇಷ್ಟೇ.

ಕೈತಪ್ಪಿದ ಆಡಳಿತ

ಅರಸರು ಬಾಲಕರಾಗಿದ್ದಾಗ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ರಾಜಮನೆತನದ ಹಕ್ಕಿಗಾಗಿ ದಶಕಗಳ ಕಾಲ ಶ್ರಮಿಸಿದ್ದ ಅಜ್ಜಿ ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ತೀರಿಕೊಂಡರು. 1811ರಲ್ಲಿ ಪೂರ್ಣಯ್ಯನವರು ನಿವೃತ್ತರಾದಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮಿಗಿಲಾದ ಹಣವಿತ್ತೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಹದಿನೇಳರ ಹರೆಯದ ಅರಸರು ಆಡಳಿತ ಸೂತ್ರ ಹಿಡಿದರು.

ಅವರ ಇಪ್ಪತ್ತು ವರ್ಷಗಳ ಆಡಳಿತ ದೋಷರಹಿತವಾಗಿತ್ತೆಂದು ಹೇಳಲಾಗದು. ದಾನ, ಧರ್ಮ, ಉತ್ಸವ, ಕಲಾಪೋಷಣೆಗಳಲ್ಲಿ ಅವರ ಕೈ ದೊಡ್ಡದು. ಖಜಾನೆ ಬರಿದಾಯಿತು, ಅರಮನೆಯ ಮೇಲೆ ಸಾಲ ಬೆಳೆಯಿತು. ಕಂದಾಯ ವಸೂಲಿಗೆ ಶರತ್ತು ಪದ್ಧತಿ ಜಾರಿಯಲ್ಲಿತ್ತು. ಇಂತಿಷ್ಟು ಹಣ ತಂದುಕೊಡುತ್ತೇನೆಂದು ಮಾತು ಕೊಟ್ಟ ಅಧಿಕಾರಿ ಅದನ್ನು ರೈತನಿಂದ ಹೇಗಾದರೂ ಹಿಂಡಿ ತೆಗೆಯುತ್ತಿದ್ದನು. ಅರಸರ ಸುತ್ತಲಿದ್ದವರಲ್ಲಿ ಲಂಚಕೋರರು ಹೆಚ್ಚಿದರು. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೆ ಬಂದು, ಆಡಳಿತವನ್ನು ಸರಿಪಡಿಸದಿದ್ದರೆ ಕಂಪೆನಿ ಮಧ್ಯಪ್ರವೇಶಿಸಬೇಕಾದೀತೆಂದು ಎಚ್ಚರಿಸಿ ಹೋದನು.

1830ರಲ್ಲಿ ನಗರ ಪ್ರಾಂತ್ಯದ ರೈತರು ತಿರುಗಿಬಿದ್ದರು. ಕೆಳದಿಯ ಸಿಂಹಾಸನಕ್ಕೆ ತಾನೇ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ದಂಗೆಯ ಮುಂದಾಳಾದನು. ಅದನ್ನು ಅಡಗಿಸಲು ಕಂಪೆನಿಯ ಸೈನ್ಯವೇ ಬರಬೇಕಾಯಿತು. ಮದರಾಸು ಸರ್ಕಾರದ ವರದಿಗಳನ್ನು ನಂಬಿದ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ 1831ರ ಸೆಪ್ಟೆಂಬರ್ 7ರಂದು ಅರಸರಿಗೆ ಪತ್ರ ಬರೆದು, ಒಪ್ಪಂದದ ಷರತ್ತಿನಂತೆ ಆಡಳಿತವನ್ನು ಕಂಪೆನಿ ವಹಿಸಿಕೊಳ್ಳುವುದಾಗಿ ತಿಳಿಸಿದನು. ಅಕ್ಟೋಬರ್ ತಿಂಗಳಲ್ಲಿ ಅರಸರು ಪ್ರತಿಭಟಿಸದೆ ಅಧಿಕಾರ ಒಪ್ಪಿಸಿದರು. ಆಗ ಅವರಿಗೆ ಮೂವತ್ತೇಳು ವರ್ಷ.

ಇಲ್ಲಿ ಕಂಪೆನಿಯ ಅಧಿಕಾರಿಗಳಲ್ಲಿಯೇ ಭಿನ್ನಾಭಿಪ್ರಾಯ ತಲೆದೋರಿದ್ದು ಗಮನಾರ್ಹ. ಕಾರಣಗಳನ್ನು ಪರಿಶೀಲಿಸಲು ನೇಮಕವಾದ ಸಮಿತಿ 1833ರಲ್ಲಿ ವರದಿ ನೀಡಿತು. ದುರಾಡಳಿತವಿದ್ದುದು ನಿಜವಾದರೂ ಅರಸರ ಮೇಲೆ ಹೊರಿಸಲಾಗಿದ್ದ ಆರೋಪಗಳಲ್ಲಿ ಅತಿಶಯೋಕ್ತಿಯಿತ್ತೆಂಬುದು ಅದರಿಂದ ಹೊರಬಿತ್ತು. 1834ರಲ್ಲಿ ಬೆಂಟಿಂಕ್ ಕೆಲವು ಪ್ರಾಂತ್ಯಗಳನ್ನಷ್ಟೇ ಇಟ್ಟುಕೊಂಡು ಉಳಿದ ರಾಜ್ಯವನ್ನು ಅರಸರಿಗೆ ಹಿಂದಿರುಗಿಸುವ ಸಲಹೆ ಮುಂದಿಟ್ಟನು. ಲಂಡನ್ನಿನ ಕಂಪೆನಿ ನಿರ್ದೇಶಕರು ಅದಕ್ಕೆ ಒಪ್ಪಲಿಲ್ಲ. ತೆಗೆದುಕೊಂಡದ್ದು ಅವಸರದಲ್ಲಿ, ಹಿಂದಿರುಗಿಸುವಾಗ ಮಾತ್ರ ಐವತ್ತು ವರ್ಷಗಳ ವಿಳಂಬ.

ಪಿಂಚಣಿಯ ಲೆಕ್ಕಾಚಾರ

ಹೊಸ ವ್ಯವಸ್ಥೆ ವಿಚಿತ್ರವಾಗಿತ್ತು. ಅರಸರನ್ನು ಪದಚ್ಯುತಗೊಳಿಸಿರಲಿಲ್ಲ. ಬಿರುದು, ಅರಮನೆ, ಸಿಂಹಾಸನ, ದಸರಾ ದರ್ಬಾರು ಎಲ್ಲವೂ ಉಳಿದಿದ್ದವು. ಬೆಂಗಳೂರಿನಲ್ಲಿ ಕುಳಿತು ರಾಜ್ಯವಾಳುತ್ತಿದ್ದ ಕಮಿಷನರ್‌ನ ಅಧಿಕೃತ ಹುದ್ದೆಯ ಹೆಸರಿನಲ್ಲಿಯೇ, ಇದು ಮೈಸೂರು ಮಹಾರಾಜರ ಪ್ರಾಂತ್ಯಗಳ ಆಡಳಿತವೆಂಬ ಮಾತಿತ್ತು. ಹೆಸರು ಅರಸರದು, ಆಜ್ಞೆ ಕಮಿಷನರ್‌ನದು.

ಕಮಿಷನರ್ ಆಡಳಿತದಲ್ಲಿ ರಾಜ್ಯವನ್ನು ನಾಲ್ಕು ವಿಭಾಗಗಳನ್ನಾಗಿ ಮಾಡಿ ಪ್ರತಿಯೊಂದಕ್ಕೂ ಒಬ್ಬ ಐರೋಪ್ಯ ಸೂಪರಿಂಟೆಂಡೆಂಟ್‌ನನ್ನು ನೇಮಿಸಲಾಯಿತು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗಳು ಅಷ್ಟಗ್ರಾಮ ವಿಭಾಗಕ್ಕೆ ಸೇರಿದವು. ಭೀಮನಬೀಡಿನಂಥ ಹಳ್ಳಿಯ ರೈತನ ಪಾಲಿಗೆ ಕಂದಾಯ ಕೇಳಲು ಬರುವವರು ಹಿಂದಿನಂತೆ ಶ್ಯಾನುಭೋಗ, ಪಟೇಲ, ಅಮಲ್ದಾರರೇ ಆಗಿದ್ದರು. ಆದರೆ ಅಮಲ್ದಾರನ ಮೇಲಿನ ಅಧಿಕಾರಿ ಈಗ ಬ್ರಿಟಿಷನಾಗಿದ್ದನು. ಆ ಹೊಲಗಳಿಂದ ಸಂದ ಹಣ ರಾಜ್ಯದ ಬೊಕ್ಕಸ ಸೇರಿ, ಖರ್ಚು ಕಳೆದು ಉಳಿದುದರಲ್ಲಿ ಐದನೆಯ ಒಂದು ಪಾಲು ಮಾತ್ರ ಅರಸರಿಗೆ ಬರುತ್ತಿತ್ತು. ತಾವು ಹೆಸರಿಟ್ಟ ಊರಿನ ಅಮಲ್ದಾರನನ್ನು ನೇಮಿಸುವ ಅಧಿಕಾರವೂ ಅರಸರಿಗೆ ಉಳಿದಿರಲಿಲ್ಲ.

1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ದಕ್ಷ ಆಡಳಿತಗಾರ. ಏಳುನೂರಕ್ಕೂ ಹೆಚ್ಚು ಸಣ್ಣಪುಟ್ಟ ತೆರಿಗೆಗಳನ್ನು ಆತ ರದ್ದುಪಡಿಸಿದನು, ರಸ್ತೆಗಳನ್ನು ಮಾಡಿಸಿದನು, ಆದಾಯ ಏರಿತು. ಆದಾಯ ಏರಿದಂತೆ ಅರಸರ ಐದನೆಯ ಪಾಲೂ ಏರಿತು. ಆದರೆ ಈ ಏಳಿಗೆಯೇ ಅರಸರಿಗೆ ಮುಳುವಾದುದು ವಿಪರ್ಯಾಸ. ರಾಜ್ಯ ಸುಧಾರಿಸಿದೆ, ಇನ್ನಾದರೂ ಹಿಂದಿರುಗಿಸಿ ಎಂದು ಅವರು ಕೇಳಿದಾಗಲೆಲ್ಲ, ಸುಧಾರಿಸಿದ ರಾಜ್ಯವನ್ನು ಮತ್ತೆ ಅಪಾಯಕ್ಕೊಡ್ಡಲಾಗದೆಂಬ ಉತ್ತರ ಬರುತ್ತಿತ್ತು. ಅರಸರ ಸಾಲಗಳು ಅಧಿಕಾರಿಗಳ ವಾದಕ್ಕೆ ಇನ್ನಷ್ಟು ಬಲ ಕೊಟ್ಟವು.

ಅರಮನೆಯೊಳಗಿನ ಬೇರೊಂದು ರಾಜ್ಯ

ಆಡಳಿತವಿಲ್ಲದ ಅರಸರು ಸುಮ್ಮನೆ ಕೂರಲಿಲ್ಲ. ಆಧುನಿಕ ಕನ್ನಡ ಸಾಹಿತ್ಯದ ಮುಂಬೆಳಗು ಅವರ ಆಸ್ಥಾನದಲ್ಲಿಯೇ ಕಾಣಿಸಿಕೊಂಡಿತು. ಮುದ್ರಾಮಂಜೂಷವನ್ನು ಬರೆದ ಕೆಂಪುನಾರಾಯಣ, ಅಳಿಯ ಲಿಂಗರಾಜ, ತರುಣರಾಗಿದ್ದ ಬಸವಪ್ಪ ಶಾಸ್ತ್ರಿಗಳು ಈ ಆಸ್ಥಾನದ ಆಶ್ರಯದಲ್ಲಿದ್ದವರು. ದೇವತಾಮೂರ್ತಿಗಳ ಲಕ್ಷಣಗಳನ್ನು ಚಿತ್ರಸಮೇತ ವಿವರಿಸುವ ಬೃಹತ್ ಗ್ರಂಥ ಶ್ರೀತತ್ತ್ವನಿಧಿ ಅರಸರ ಹೆಸರಿನಲ್ಲಿಯೇ ಸಿದ್ಧವಾಯಿತು. ಸೌಗಂಧಿಕಾ ಪರಿಣಯವೂ ಅವರ ಹೆಸರಿನಲ್ಲಿದೆ.

ಅಧಿಕಾರ ಹೋದ ಎರಡೇ ವರ್ಷಗಳಲ್ಲಿ, 1833ರಲ್ಲಿ, ಅವರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮುಂದೆ ಮಹಾರಾಜ ಕಾಲೇಜಾಗಿ ಬೆಳೆದದ್ದು ಆ ಶಾಲೆಯೇ. ಚದುರಂಗ ಹಾಗೂ ಇತರ ಮಣೆಯಾಟಗಳಲ್ಲಿ ಅವರಿಗೆ ಅಸಾಧಾರಣ ಆಸಕ್ತಿ. ಕುದುರೆಯ ಕಾಯಿಯನ್ನು ಒಂದು ಮನೆಯೂ ಬಿಡದಂತೆ, ಯಾವ ಮನೆಗೂ ಎರಡು ಸಲ ಹೋಗದಂತೆ ಇಡೀ ಮಣೆಯ ಮೇಲೆ ನಡೆಸುವ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರಗಳು ಇಂದಿಗೂ ಆಟದ ಇತಿಹಾಸಕಾರರ ಗಮನ ಸೆಳೆಯುತ್ತವೆ. 1861ರಲ್ಲಿ ಜಗನ್ಮೋಹನ ಅರಮನೆ ನಿರ್ಮಾಣವಾಯಿತು.

ಸುತ್ತಲೂ ಉರುಳಿದ ಸಿಂಹಾಸನಗಳು

ಪಿಂಚಣಿ ಪಡೆದ ಇತರ ಅರಸರ ಗತಿಯನ್ನು ನೋಡಿದರೆ ಮುಮ್ಮಡಿಯವರ ಆತಂಕ ಅರ್ಥವಾಗುತ್ತದೆ. ನೆರೆಯ ಕೊಡಗಿನ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಲಾಯಿತು. ಆತ 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋಗಿ, ತನ್ನ ಹಣಕ್ಕಾಗಿ ಕಂಪೆನಿಯ ವಿರುದ್ಧ ಅಲ್ಲಿನ ನ್ಯಾಯಾಲಯದ ಮೆಟ್ಟಿಲೇರಿದನು. ರಾಜ್ಯವನ್ನು ಮತ್ತೆ ಕಾಣದೆ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಕೊಡಗು ಶಾಶ್ವತವಾಗಿ ಬ್ರಿಟಿಷರ ಪಾಲಾಯಿತು.

ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿ ಪಡೆಯುತ್ತಿದ್ದ ಪೇಶ್ವೆ ಎರಡನೆಯ ಬಾಜಿರಾಯ 1851ರಲ್ಲಿ ನಿಧನನಾದಾಗ, ಅದನ್ನು ದತ್ತುಪುತ್ರ ನಾನಾಸಾಹೇಬನಿಗೆ ಮುಂದುವರಿಸಲು ಗವರ್ನರ್ ಜನರಲ್ ಡಾಲ್‌ಹೌಸಿ ನಿರಾಕರಿಸಿದನು. ಸಾತಾರಾ, ಝಾನ್ಸಿ, ನಾಗಪುರಗಳು ದತ್ತು ಹಕ್ಕನ್ನು ಒಪ್ಪದ ನೀತಿಗೆ ಬಲಿಯಾದವು. ಪಿಂಚಣಿ ಎಂಬುದು ಒಂದು ಜೀವಕ್ಕೆ ಸೀಮಿತ, ಜೀವ ಹೋದರೆ ಹಕ್ಕೂ ಹೋಯಿತು ಎಂಬುದೇ ಈ ನೀತಿಯ ಸಾರಾಂಶ.

ಮುಮ್ಮಡಿಯವರಿಗೆ ಪಟ್ಟಕ್ಕೆ ಬರಬಲ್ಲ ಔರಸ ಪುತ್ರರಿರಲಿಲ್ಲ. ವಯಸ್ಸು ಅರವತ್ತು ದಾಟಿತ್ತು. 1799ರ ಒಪ್ಪಂದ ಅರಸರೊಬ್ಬರೊಡನೆ ಆದದ್ದೇ ಹೊರತು ಅವರ ವಾರಸುದಾರರೊಡನೆ ಅಲ್ಲ, ಅವರ ಕಾಲಾನಂತರ ರಾಜ್ಯ ಕಂಪೆನಿಗೆ ಸೇರುತ್ತದೆ ಎಂಬುದು ಡಾಲ್‌ಹೌಸಿಯ ನಿಲುವಾಗಿತ್ತು. ಅಧಿಕಾರಿಗಳು ಅರಸರ ಮರಣವನ್ನು ಕಾಯತೊಡಗಿದ್ದರೆಂದರೆ ತಪ್ಪಾಗಲಾರದು.

ಖರೀತಗಳ ಸಮರ

ಬೆಂಟಿಂಕ್‌ನಿಂದ ಹಿಡಿದು ಜಾನ್ ಲಾರೆನ್ಸ್‌ವರೆಗೆ ಗವರ್ನರ್ ಜನರಲ್‌ಗಳು ಬದಲಾಗುತ್ತಲೇ ಇದ್ದರು. ಅರಸರ ಖರೀತಗಳು ಮಾತ್ರ ನಿಲ್ಲಲಿಲ್ಲ. ಅವುಗಳ ಭಾಷೆ ವಿನಯಪೂರ್ಣ, ಬೇಡಿಕೆ ಅಚಲ. 1857ರ ದಂಗೆಯ ಕಾಲದಲ್ಲಿ ಅವರು ಬ್ರಿಟಿಷರಿಗೆ ನಿಷ್ಠರಾಗಿ ಉಳಿದು ನೆರವಾದರು. 1860ರಲ್ಲಿ ವೈಸರಾಯ್ ಕ್ಯಾನಿಂಗ್ ಅದಕ್ಕಾಗಿ ಕೃತಜ್ಞತೆ ಸಲ್ಲಿಸಿದನು.

ಅದೇ ವೇಳೆಗೆ ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸು ಸರ್ಕಾರಕ್ಕೆ ವರ್ಗಾಯಿಸುವ ಆದೇಶ ಲಂಡನ್ನಿನಿಂದ ಬಂದಿತು. ಅರಸರು ಉಗ್ರವಾಗಿ ಪ್ರತಿಭಟಿಸಿದರು. ಕಬ್ಬನ್ ರಾಜೀನಾಮೆಗೆ ಮುಂದಾದನು. ಅರಸರೊಂದಿಗೆ ಕಬ್ಬನ್‌ನ ಸಂಬಂಧ ಎಂದೂ ಆತ್ಮೀಯವಾಗಿರಲಿಲ್ಲವಾದರೂ ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಪಕ್ಷದಲ್ಲಿ ನಿಂತರು. ಕ್ಯಾನಿಂಗ್ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. 1861ರಲ್ಲಿ ಸ್ವದೇಶಕ್ಕೆ ಹೊರಟ ಕಬ್ಬನ್ ದಾರಿಯಲ್ಲಿ ಸೂಯೆಜ್‌ನಲ್ಲಿ ಕೊನೆಯುಸಿರೆಳೆದನು.

ಈ ಗೆಲುವಿನಿಂದ ಉತ್ತೇಜಿತರಾದ ಅರಸರು 1861ರ ಫೆಬ್ರುವರಿಯಲ್ಲಿ ರಾಜ್ಯವನ್ನು ಹಿಂದಿರುಗಿಸುವಂತೆ ಮತ್ತೆ ಕೇಳಿದರು. ಒಂದು ವರ್ಷದ ನಂತರ, 1862ರ ಮಾರ್ಚ್‌ನಲ್ಲಿ, ಕ್ಯಾನಿಂಗ್ ಅದನ್ನು ನಿರಾಕರಿಸಿದನು. ದತ್ತು ತೆಗೆದುಕೊಳ್ಳುವ ಹಕ್ಕನ್ನು ಮಾನ್ಯ ಮಾಡುವ ಸನದುಗಳನ್ನು ದೇಶದ ಅನೇಕ ಸಂಸ್ಥಾನಿಕರಿಗೆ ಆತ ನೀಡಿದನಾದರೂ ಮೈಸೂರಿಗೆ ನೀಡಲಿಲ್ಲ. ಅರಸರು ರಾಜ್ಯವನ್ನು ಬ್ರಿಟಿಷ್ ಸರ್ಕಾರಕ್ಕೇ ಬಿಟ್ಟುಕೊಡಲು ಇಚ್ಛಿಸಿದ್ದಾರೆಂಬ ಮಾತೂ ಲಂಡನ್ನಿಗೆ ತಲುಪಿತ್ತು. ಅರಸರು ಅದನ್ನು ಸ್ಪಷ್ಟವಾಗಿ ಅಲ್ಲಗಳೆದರು. ಅವರ ಮೌನವನ್ನು ಒಪ್ಪಿಗೆಯೆಂದು ತಿರುಚುವ ಅವಕಾಶ ಅಲ್ಲಿಗೆ ಮುಗಿಯಿತು.

ದತ್ತು ಸ್ವೀಕಾರ

1865ರ ಜೂನ್ 18ರಂದು ಎಪ್ಪತ್ತರ ಅರಸರು ತಮ್ಮ ಬದುಕಿನ ಅತ್ಯಂತ ಮಹತ್ವದ ಹೆಜ್ಜೆಯಿಟ್ಟರು. ಬೆಟ್ಟದ ಕೋಟೆ ಮನೆತನದ ಚಿಕ್ಕಕೃಷ್ಣರಾಜೇ ಅರಸರ ಪುತ್ರ, ಎರಡೂವರೆ ವರ್ಷದ ಚಾಮರಾಜೇಂದ್ರರನ್ನು ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಂಡು ವೈಸರಾಯ್ ಲಾರೆನ್ಸ್‌ಗೆ ತಿಳಿಸಿದರು. ಇದನ್ನು ಅರಸರ ಖಾಸಗಿ ಆಸ್ತಿಯ ಮಟ್ಟಿಗೆ ಒಪ್ಪಬಹುದೇ ಹೊರತು ರಾಜ್ಯದ ಉತ್ತರಾಧಿಕಾರವಾಗಿ ಒಪ್ಪಲಾಗದೆಂದು ಲಾರೆನ್ಸ್ ಉತ್ತರಿಸಿದನು.

ಕಲ್ಕತ್ತೆಯ ಬಾಗಿಲು ಮುಚ್ಚಿದ ಮೇಲೆ ಅರಸರು ಲಂಡನ್ನಿನ ಬಾಗಿಲು ತಟ್ಟಿದರು. ಅರಮನೆಯ ವೈದ್ಯನಾಗಿದ್ದ ಡಾ. ಕ್ಯಾಂಪ್‌ಬೆಲ್ ಅಲ್ಲಿ ಅವರ ಪ್ರತಿನಿಧಿಯಾದನು. ಮೇಜರ್ ಇವಾನ್ಸ್ ಬೆಲ್ ಮೈಸೂರಿನ ಹಕ್ಕನ್ನು ಸಮರ್ಥಿಸಿ 1865ರಲ್ಲಿ ಪುಸ್ತಕ ಪ್ರಕಟಿಸಿದನು. ತತ್ತ್ವಜ್ಞಾನಿಯೂ ಸಂಸತ್ ಸದಸ್ಯನೂ ಆಗಿದ್ದ ಜಾನ್ ಸ್ಟುವರ್ಟ್ ಮಿಲ್ 1866ರಲ್ಲಿ ಮೈಸೂರಿನ ಪರವಾದ ಮನವಿಯನ್ನು ಸಂಸತ್ತಿಗೆ ಸಲ್ಲಿಸಿದನು. ಭಾರತ ಮಂತ್ರಿಯ ಕೌನ್ಸಿಲ್‌ನೊಳಗೇ ಫ್ರೆಡರಿಕ್ ಕರ್ರಿ, ಜಾರ್ಜ್ ಕ್ಲರ್ಕ್, ಜಾನ್ ವಿಲ್ಲೋಬಿ, ಈಸ್ಟ್‌ವಿಕ್‌ರಂಥ ಹಿರಿಯರು ರಾಜ್ಯವನ್ನು ನುಂಗುವ ಆಲೋಚನೆಗೆ ಲಿಖಿತ ವಿರೋಧ ದಾಖಲಿಸಿದರು. 1858ರಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ ದೇಶೀಯ ಅರಸರೊಡನೆ ಆದ ಒಪ್ಪಂದಗಳನ್ನು ಗೌರವಿಸುವ ಭರವಸೆ ನೀಡಿತ್ತು. ಹೀಗಿರುವಾಗ ಮೈಸೂರನ್ನು ಸೇರಿಸಿಕೊಂಡರೆ ಆ ಭರವಸೆಗೆ ಬೆಲೆಯೇನೆಂಬ ಪ್ರಶ್ನೆಗೆ ಸಮಾಧಾನಕರ ಉತ್ತರವಿರಲಿಲ್ಲ.

ಕೊನೆಗೆ 1867ರ ಏಪ್ರಿಲ್ 16ರಂದು ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟ್ ಮೈಸೂರನ್ನು ಅರಸರ ದತ್ತುಪುತ್ರನ ಹೆಸರಿನಲ್ಲಿ ಉಳಿಸುವ ನಿರ್ಧಾರವನ್ನು ಭಾರತ ಸರ್ಕಾರಕ್ಕೆ ತಿಳಿಸಿದನು. ಬಾಲಕನಿಗೆ ಸೂಕ್ತ ಶಿಕ್ಷಣ ನೀಡಿ, ಪ್ರಾಪ್ತ ವಯಸ್ಕನಾದಾಗ ಅರ್ಹನೆಂದು ಕಂಡುಬಂದರೆ ಹೊಸ ಷರತ್ತುಗಳೊಂದಿಗೆ ಆಡಳಿತ ಒಪ್ಪಿಸುವುದು ಅದರ ತಾತ್ಪರ್ಯ. ಅರಸರಿಗೆ ಸ್ವತಃ ಅಧಿಕಾರ ಮರಳಲಿಲ್ಲ. ಆದರೆ ಮನೆತನ ಉಳಿಯಿತು, ರಾಜ್ಯ ಉಳಿಯಿತು.

ಕಾಣದೆ ಹೋದ ಫಲ

1868ರ ಮಾರ್ಚ್ 27ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ನಿಧನರಾದರು. ಪಟ್ಟಕ್ಕೆ ಬಂದು ಅರವತ್ತೆಂಟು ವರ್ಷಗಳು ಸಂದಿದ್ದವು. ಅದರಲ್ಲಿ ಸ್ವತಂತ್ರವಾಗಿ ಆಳಿದ್ದು ಇಪ್ಪತ್ತು ವರ್ಷ ಮಾತ್ರ. ಅದೇ ವರ್ಷದ ಸೆಪ್ಟೆಂಬರ್ 23ರಂದು ಐದು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಪಟ್ಟಾಭಿಷೇಕವಾಯಿತು. ತಂದೆಯಂತೆ ಮಗನೂ ಐದರ ಪ್ರಾಯದಲ್ಲಿಯೇ ಸಿಂಹಾಸನವೇರಿದರು.

1881ರ ಮಾರ್ಚ್ 25ರಂದು ಚಾಮರಾಜೇಂದ್ರರಿಗೆ ಆಡಳಿತ ಹಸ್ತಾಂತರವಾಯಿತು. ಅದು ಉಚಿತವಾಗಿ ಬರಲಿಲ್ಲ. ವಾರ್ಷಿಕ ಕಪ್ಪವನ್ನು 24.5 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸಲು ಬ್ರಿಟಿಷರು ನಿರ್ಧರಿಸಿದರು, ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮಲ್ಲಿಯೇ ಇಟ್ಟುಕೊಂಡರು. ಹಾಗಿದ್ದರೂ ದಿವಾನ್ ರಂಗಾಚಾರ್ಲು ಅವರ ಪ್ರಜಾಪ್ರತಿನಿಧಿ ಸಭೆ 1881ರಲ್ಲಿಯೇ ಆರಂಭಗೊಂಡಿತು. ಮುಂದೆ ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿವನಸಮುದ್ರದ ವಿದ್ಯುತ್, ಕನ್ನಂಬಾಡಿಯ ಅಣೆಕಟ್ಟು, ಮೈಸೂರು ವಿಶ್ವವಿದ್ಯಾನಿಲಯಗಳು ಬಂದವು. ಮೈಸೂರು ಆಗಲೇ ಮದರಾಸು ಪ್ರೆಸಿಡೆನ್ಸಿಯ ಕೆಲವು ಜಿಲ್ಲೆಗಳಾಗಿ ಕರಗಿಹೋಗಿದ್ದರೆ ಇವುಗಳಲ್ಲಿ ಎಷ್ಟು ಸಾಧ್ಯವಾಗುತ್ತಿತ್ತೆಂಬುದು ಯೋಚಿಸಬೇಕಾದ ವಿಷಯ.

ಮುಮ್ಮಡಿಯವರನ್ನು ಆಡಳಿತಗಾರರನ್ನಾಗಿ ಅಳೆದರೆ ಇತಿಹಾಸ ಅವರಿಗೆ ಹೆಚ್ಚಿನ ಅಂಕ ನೀಡದು. ನಗರದ ರೈತರ ಸಂಕಟಕ್ಕೆ ಅವರ ಆಡಳಿತವೂ ಹೊಣೆ. ಆದರೆ ಕೈಯಲ್ಲಿ ಸೈನ್ಯವಿಲ್ಲದೆ, ಖಜಾನೆಯಿಲ್ಲದೆ, ಎದುರಾಳಿ ಕೊಡುವ ಹಣದಲ್ಲಿಯೇ ಬದುಕುತ್ತ, ಆತನೇ ಬರೆದ ಒಪ್ಪಂದದ ಮಾತಿಗೆ ಆತನನ್ನು ಕಟ್ಟಿಹಾಕಿದ ಅವರ ಸಹನೆ ಸಾಮಾನ್ಯವಾದುದಲ್ಲ. ಚಾಮರಾಜನಗರದ ಚಾಮರಾಜೇಶ್ವರನ ಸನ್ನಿಧಿಗೆ ಬರುವವರಿಗೆ ಅವರು ದೇವಾಲಯ ಕಟ್ಟಿಸಿದ ಅರಸರೆಂಬುದು ಗೊತ್ತು. ಮೈಸೂರೆಂಬ ಸಂಸ್ಥಾನವನ್ನು ಉಳಿಸಿಕೊಟ್ಟವರೂ ಅವರೇ ಎಂಬುದನ್ನೂ ನಾಡು ನೆನೆಯಬೇಕಾಗಿದೆ.